ಬಲಪಕ್ಕೆಯ ತೇಪೆ

ಸ್ಪಂಜನ್ನು ಎಷ್ಟು ಒರೆಸಿದರೂ ಹಿಂದಿನವರ ಮುಖ ಅದರಲ್ಲಿ ಉಳಿದೇ ಇರುತ್ತದೆ. ಆರಿಫ್ ಮೂಗಿನ ಹತ್ತಿರ ಹಿಡಿದು ನೋಡಿ, ಥೂ ಎಂದು ಮುಖ ತಿರುಗಿಸಿದ. ಕಣ್ಣಿಗೆ ಕಟ್ಟಿಕೊಳ್ಳುವ ಆ ಕರಿ ಡಬ್ಬಿಯ ಒಳಂಚಿಗೆ ಬೆರಳಗಲದ ಸ್ಪಂಜಿನ ಪಟ್ಟಿ ಇತ್ತು. ಕಟ್ಟಿಕೊಂಡವರ ತಲೆಯ ಎಣ್ಣೆ, ಹಣೆಯ ವಿಭೂತಿ, ಪೌಡರು, ಬೆವರು ಎಲ್ಲವನ್ನೂ ಅದು ಕುಡಿದು ಇಟ್ಟುಕೊಳ್ಳುತ್ತಿತ್ತು. ಚನ್ನಗಿರಿಯಲ್ಲಿ ಒರೆಸಿದ್ದ, ಹೊನ್ನಾಳಿಯಲ್ಲಿ ಒರೆಸಿದ್ದ, ನ್ಯಾಮತಿಯಲ್ಲಿ ಸ್ಪಿರಿಟ್ಟು ಮುಗಿದು ಬರೀ ನೀರಿನಲ್ಲಿ ಒರೆಸಿದ್ದ. ಈಗ ಜಗಳೂರಿನ ಸಮುದಾಯ ಭವನದ ವೇದಿಕೆಯ ಮೇಲೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಹತ್ತಿಯುಂಡೆ ಹಿಡಿದು ಮತ್ತೆ ಒರೆಸುತ್ತಿದ್ದಾನೆ. ನಾಲ್ಕು ಡಬ್ಬಿ, ನಾಲ್ಕು ಊರು, ಇದೇ ಕೊನೆಯದು. ಅಂಗಿಯ ಜೇಬು ಮುಟ್ಟಿ ನೋಡಿಕೊಂಡ. ಪೆನ್‌ಡ್ರೈವ್ ಇತ್ತು. ಬೆಳಗಿನಿಂದ ಹೀಗೆ ಮುಟ್ಟಿದ್ದು ಎಷ್ಟನೆಯ ಸಲವೋ. ಇವತ್ತು ಹೇಳಿಬಿಡಬೇಕು. ಹದಿನಾಲ್ಕು ತಿಂಗಳಿಂದ ನುಂಗಿಕೊಂಡ ಮಾತನ್ನು ಇವತ್ತು ಉಚ್ಚಂಗೆಪ್ಪನ ಮುಂದೆ ಕಕ್ಕಿಬಿಡಬೇಕು. ‘ಜಗಳೂರಿಗೆ ಬರ್ತಾ ಇದೀನಿ ಉಚ್ಚಂಗಣ್ಣ, ನಮ್ಮ ಡಬ್ಬಿ ತಗಂಡು. ನಿನ್ ಹೊಟ್ಟೆ ಇನ್ನೂ ಅದ್ರಾಗೆ ಐತೆ. ಒಂದೀಟು ಬಂದು ಹೋಗು’ ಎಂದು ನಿನ್ನೆ ಫೋನು ಮಾಡಿದ್ದೇ ಅವನ ಪಾಲಿಗೆ ದೊಡ್ಡ ಧೈರ್ಯ. ‘ಬರ್ತೀನಿ ಬಿಡು, ನಂಗೂ ಬೇಕಾಗಿತ್ತು’ ಎಂದು ಉಚ್ಚಂಗೆಪ್ಪ ಫೋನು ಇಟ್ಟಿದ್ದ. ಏನು ಬೇಕಾಗಿತ್ತು? ರಾತ್ರಿಯೆಲ್ಲ ಆರಿಫ್ ಆ ಮಾತನ್ನೇ ಹೊರಳಿಸಿ ಹೊರಳಿಸಿ ನೋಡಿದ್ದ.

ಕೆಳಗೆ ವಿನಯ್ ಕುಮಾರ್ ಡಾಕ್ಟರು ಮೈಕು ಹಿಡಿದು ಮಾತಾಡುತ್ತಿದ್ದರು. ಸುತ್ತಲಿನ ಸಣ್ಣ ಆಸ್ಪತ್ರೆಗಳಿಂದ ಬಂದ ಇಪ್ಪತ್ತು ಮಂದಿ ಡಾಕ್ಟರು ಮುಂದೆ ಕೂತಿದ್ದರು. ಅರ್ಧ ಮಂದಿಯ ಕಣ್ಣು ಮೊಬೈಲಿನಲ್ಲಿ. ಈ ಮಾತು ಆರಿಫನಿಗೆ ಬಾಯಿಪಾಠ. ಟ್ರ್ಯಾಕ್ಟರ್ ಮಗುಚಿಯೋ ಬೈಕು ಗುದ್ದಿಯೋ ಬಂದವನ ಮೈಮೇಲೆ ಒಂದು ಗಾಯವೂ ಕಾಣುವುದಿಲ್ಲ, ಮಾತಾಡುತ್ತಿರುತ್ತಾನೆ, ನೀರು ಕೇಳುತ್ತಾನೆ, ಅರ್ಧ ಗಂಟೆಯಲ್ಲಿ ಹೋಗಿಬಿಡುತ್ತಾನೆ. ಯಾಕೆಂದರೆ ರಕ್ತ ಒಳಗೇ ಸೋರುತ್ತಿರುತ್ತದೆ. ಸ್ಕ್ಯಾನಿನ ಕಡ್ಡಿಯನ್ನು ನಾಲ್ಕು ಕಡೆ ಇಟ್ಟು ನೋಡಿದರೆ, ಬಲಪಕ್ಕೆ, ಎಡಪಕ್ಕೆ, ಎದೆಗೂಡಿನ ಕೆಳಗೆ, ಕಿಬ್ಬೊಟ್ಟೆ, ಎರಡೇ ನಿಮಿಷದಲ್ಲಿ ಗೊತ್ತಾಗುತ್ತದೆ. ರಕ್ತ ಪರದೆಯ ಮೇಲೆ ಕಪ್ಪಗೆ ಕಾಣುತ್ತದೆ. ಆದರೆ ಕಲಿಯುವುದಕ್ಕೆ ಹೊಟ್ಟೆಯೊಳಗೆ ರಕ್ತ ಸೋರುತ್ತಿರುವ ಮನುಷ್ಯ ಬೇಕಾದಾಗ ಎಲ್ಲಿ ಸಿಗುತ್ತಾನೆ? ಅದಕ್ಕೇ ಈ ಡಬ್ಬಿ. ಕಟ್ಟಿಕೊಂಡರೆ ಎದುರಿಗೆ ಕ್ಯಾಜುವಾಲ್ಟಿ, ಮಂಚ, ಮಂಚದ ಮೇಲೆ ಒಬ್ಬ ಬಡಕಲು ಮನುಷ್ಯ. ಕೈಯಲ್ಲಿ ಹಿಡಿದ ಪ್ಲಾಸ್ಟಿಕ್ಕಿನ ಹಿಡಿಯೇ ಸ್ಕ್ಯಾನಿನ ಕಡ್ಡಿ. ಗಾಳಿಯಲ್ಲಿ ಅವನ ಹೊಟ್ಟೆಯ ಮೇಲೆ ಆಡಿಸಿದರೆ ಒಳಗಿನದೆಲ್ಲ ಕಾಣುತ್ತದೆ. ತಪ್ಪು ಮಾಡಿದರೆ ಅವನು ಸಾಯುತ್ತಾನೆ, ಗುಂಡಿ ಒತ್ತಿದರೆ ಮತ್ತೆ ಉಸಿರಾಡುತ್ತಾನೆ. ನಾಲ್ಕು ಊರಿನಲ್ಲಿ ಅವನು ಎಷ್ಟು ಸಲ ಸತ್ತನೆಂದು ಆರಿಫ್ ಎಣಿಸುವುದನ್ನು ಬಿಟ್ಟುಬಿಟ್ಟಿದ್ದ. ಆ ಮನುಷ್ಯನ ಮುಖವನ್ನು ಡಬ್ಬಿ ತಯಾರಿಸಿದ ಕಂಪನಿಯವರು ಬೇರೆ ಮಾಡಿದ್ದರು. ಹೊಟ್ಟೆ ಮಾತ್ರ ಉಚ್ಚಂಗೆಪ್ಪನದು.

ಅವನನ್ನು ಹುಡುಕಿದವನೂ ಆರಿಫನೇ, ಅದೂ ಒಂದು ಪಾಪ. ‘ಕೊಬ್ಬಿಲ್ಲದ ಹೊಟ್ಟೆ ಬೇಕು ಆರಿಫ್, ಎಲ್ಲಾ ಕನ್ನಡಿ ಥರ ಕಾಣಬೇಕು’ ಎಂದಿದ್ದರು ಡಾಕ್ಟರು. ಈ ಡಬ್ಬಿಯ ಪ್ರಾಜೆಕ್ಟಿನ ಕಟ್ಟಡದಲ್ಲಿ ಗುತ್ತಿಗೆಯ ಮೇಲೆ ಕಸ ಹೊಡೆಯುತ್ತಿದ್ದ ಉಚ್ಚಂಗೆಪ್ಪ ಆಗ ಮೆಟ್ಟಿಲ ಮೇಲೆ ಕೂತು ರೊಟ್ಟಿ ತಿನ್ನುತ್ತಿದ್ದ. ನಲವತ್ತೈದರ ಆಸುಪಾಸಿನ ಮನುಷ್ಯ. ಬೆನ್ನಿಗೆ ಅಂಟಿದ ಹೊಟ್ಟೆ. ಮೂರು ದಿನ ಮಲಗಿಸಿ, ಹೊಟ್ಟೆಗೆ ಜೆಲ್ಲು ಬಳಿದು ಸ್ಕ್ಯಾನ್ ಮಾಡಿದರು. ‘ಇದೇನಪ್ಪಾ, ತಣ್ಣಗೆ ಗಂಜಿ ಬಳದಂಗೆ ಬಳೀತೀರಿ’ ಎಂದು ನಗುತ್ತಿದ್ದ. ಬಲಪಕ್ಕೆಯ ಕೆಳಗೆ ಮೂರು ಬರೆಗಳಿದ್ದವು. ಮಗುವಾಗಿದ್ದಾಗ ಕಾಮಾಲೆ ಆಗಿ, ಅವ್ವ ಬಳೆಚೂರು ಕಾಯಿಸಿ ಇಟ್ಟದ್ದಂತೆ. ‘ಅವತ್ತೇ ಹೋಗಬೇಕಾಗಿತ್ತು, ಅವ್ವ ಬಿಡ್ಲಿಲ್ಲ’ ಎನ್ನುತ್ತಿದ್ದ. ಕಂಪನಿಯ ಹುಡುಗಿಯೊಬ್ಬಳು ಆ ಬರೆಗಳ ಫೋಟೋ ಹೊಡೆದುಕೊಂಡು, ಇದನ್ನು ಇಡೋಣ, ನಿಜವಾದ ಹಳ್ಳಿಯವನ ಥರ ಇರುತ್ತೆ ಎಂದಳು. ಇಟ್ಟರು. ಉಚ್ಚಂಗೆಪ್ಪನಿಗೆ ಒಂದು ಶಾಲು ಹೊದಿಸಿ ಕಳಿಸಿದರು. ಹೊರಗಿನ ಬರೆ ಉಳಿಯಿತು. ಒಳಗಿನದನ್ನು ಅಳಿಸಬೇಕಾಗಿ ಬಂತು.

ಎರಡನೆಯ ದಿನ, ಕಡ್ಡಿ ಹಿಡಿದಿದ್ದ ವಿನಯ್ ಕುಮಾರರ ಕೈ ಒಂದು ಗಳಿಗೆ ನಿಂತದ್ದನ್ನು ಆರಿಫ್ ನೋಡಿದ್ದ. ಬಲಪಕ್ಕೆಯ ನೋಟದಲ್ಲಿ, ಲಿವರು ಕಿಡ್ನಿಗೆ ತಾಕುವ ಜಾಗದಿಂದ ಬೆರಳೆರಡು ಮೇಲೆ, ಹುಣಸೆಬೀಜದಷ್ಟು ದೊಡ್ಡದಾದ, ಸುತ್ತಲಿನದಕ್ಕಿಂತ ಒಂಚೂರು ಬೆಳ್ಳಗಿನ ಗುಂಡನೆ ಚುಕ್ಕೆ. ಆಮೇಲೆ ಕೈ ಮುಂದೆ ಹೋಯಿತು. ಉಚ್ಚಂಗೆಪ್ಪ ಮೇಲೆ ತಿರುಗುತ್ತಿದ್ದ ಫ್ಯಾನನ್ನು ನೋಡುತ್ತ ಏನೋ ಗುನುಗುತ್ತಿದ್ದ. ಸಂಜೆ ಆರಿಫ್ ಆ ಚಿತ್ರಗಳನ್ನು ಡಬ್ಬಿಗೆ ಸಿದ್ಧಮಾಡಲು ಕಂಪ್ಯೂಟರಿನ ಮುಂದೆ ಕೂತಾಗ ಡಾಕ್ಟರು ಹಿಂದೆ ಬಂದು ನಿಂತು, ‘ಅದನ್ನ ಕ್ಲೀನ್ ಮಾಡಿಬಿಡು. ಕಲಿಯೋರಿಗೆ ಗೊಂದಲ ಆಗುತ್ತೆ. ನಮ್ಮ ವಿಷಯ ರಕ್ತ’ ಎಂದರು. ‘ಏನ್ ಸರ್ ಅದು?’ ‘ಏನೋ ಇರಬಹುದು, ಏನೂ ಇಲ್ಲದೇನೂ ಇರಬಹುದು.’ ‘ಅವನಿಗೆ ಹೇಳಬೇಕಲ್ವಾ ಸರ್?’ ಆಗ ಅವರು ನಕ್ಕಿದ್ದರು. ಸಿಟ್ಟಿನ ನಗೆಯಲ್ಲ, ಅದೇ ಕಷ್ಟ. ‘ಏನಂತ ಹೇಳ್ತೀಯ? ನೀನೇನು ಡಾಕ್ಟ್ರಾ? ನಾನು ಹೇಳ್ತೀನಿ ಬಿಡು.’ ಪಕ್ಕದಲ್ಲಿದ್ದ ಕಂಪನಿಯ ಹುಡುಗಿಯೂ ನಕ್ಕಿದ್ದಳು. ಆ ನಗೆ ಇವತ್ತಿಗೂ ಆರಿಫನ ಕಿವಿಯಲ್ಲಿದೆ. ಅದೊಂದನ್ನೇ ಹಿಡಿದುಕೊಂಡು ಅವನು ಹದಿನಾಲ್ಕು ತಿಂಗಳು ಕಳೆದ. ನಾನೇನು ಡಾಕ್ಟ್ರಾ? ಹೇಳ್ತೀನಿ ಅಂದೋರು ಹೇಳಿರ್ತಾರೆ. ಮೊಬೈಲಿನಲ್ಲಿ ಹುಡುಕಿ ನೋಡಿದ್ದ, ಅಂಥ ಚುಕ್ಕೆಗಳು ಬಹಳ ಮಂದಿಯಲ್ಲಿ ಏನೂ ಆಗಿರುವುದಿಲ್ಲವಂತೆ. ಅಷ್ಟು ಓದಿ ಮುಂದಕ್ಕೆ ಓದದೆ ಮೊಬೈಲು ಮುಚ್ಚಿದ್ದ.

ಅಳಿಸುವುದೆಂದರೆ ಒರೆಸಿ ಹಾಕುವುದಲ್ಲ, ತೇಪೆ ಹಾಕುವುದು. ಒಂದೊಂದು ಚಿತ್ರದಲ್ಲೂ ಪಕ್ಕದ ಲಿವರಿನ ಚೂರೊಂದನ್ನು ಕತ್ತರಿಸಿ ಚುಕ್ಕೆಯ ಮೇಲೆ ಕೂರಿಸಿ, ಅಂಚು ಕಾಣದ ಹಾಗೆ ಕಲೆಸಬೇಕು. ಮುನ್ನೂರ ಚಿಲ್ಲರೆ ಚಿತ್ರ. ಬಸವಾಪಟ್ಟಣದಲ್ಲಿ ಅವನ ಅಬ್ಬಾ ಜಹಾಂಗೀರ್ ಸಾಬರು ಹಾಸಿಗೆ ಹೊಲಿಯುವವರು. ಹತ್ತಿ ಹಿಂಜಿ, ಹಳೆಯ ಗಾದಿಯನ್ನು ಹೊಸದು ಮಾಡಿ ಕೊಡುವವರು. ಹರಿದ ಗಾದಿಗೆ ಅದೇ ಗಾದಿಯ ಒಳಮಡಿಕೆಯ ಬಟ್ಟೆಯನ್ನೇ ತೆಗೆದು ತೇಪೆ ಹಾಕುತ್ತಿದ್ದರು. ಬೇರೆ ಬಟ್ಟೆ ಹಾಕಿದರೆ ಗೊತ್ತಾಗುತ್ತದೆ. ‘ಬೇಟಾ, ತೇಪೆ ಕಂಡ್ರೆ ಅದು ಕೆಲ್ಸಾನೇ ಅಲ್ಲ’ ಎನ್ನುತ್ತಿದ್ದರು. ಆದರೆ ಅಬ್ಬಾ ಗಾದಿ ವಾಪಸು ಕೊಡುವಾಗ ಮನೆಯೊಡತಿಯ ಕೈಯನ್ನು ತೇಪೆಯ ಮೇಲೆ ಇಟ್ಟು, ಇಲ್ಲಿ ಹರಿದಿತ್ತಮ್ಮಾ, ಇಲ್ಲಿ ಬಲ ಹಾಕಿ ಕೂರಬ್ಯಾಡ್ರಿ ಎಂದು ಹೇಳಿಯೇ ಕೊಡುತ್ತಿದ್ದರು. ಆ ಅರ್ಧ ಪಾಠ ಅವನಿಗೆ ಆಮೇಲೆ ನೆನಪಾಯಿತು, ಕೆಲಸ ಮುಗಿದ ಮೇಲೆ. ಕೆಲಸ ಚೆನ್ನಾಗಿಯೇ ಆಗಿತ್ತು. ಯಾರೂ ಕಂಡುಹಿಡಿಯಲಿಲ್ಲ. ಚನ್ನಗಿರಿಯಲ್ಲಿ ಎಲ್ಲರೂ ಹೊರಗಿನ ಬರೆ ನೋಡಿ, ‘ಬರೆ ಹಾಕ್ಸಿದಾರೆ ನೋಡ್ರೀ, ನಮ್ ಕಡೆಯೋನೇ ಇವ್ನು’ ಎಂದು ಬಿದ್ದು ಬಿದ್ದು ನಕ್ಕರು. ನ್ಯಾಮತಿಯಲ್ಲೂ ಅದೇ ನಗೆ. ಹೊನ್ನಾಳಿಯಲ್ಲಿ ಮಾತ್ರ ಕಲ್ಲೇಶಪ್ಪ ಎಂಬ ಮುದಿ ಡಾಕ್ಟರು, ನಿವೃತ್ತಿಗೆ ಎರಡು ತಿಂಗಳು ಉಳಿದವರು, ಡಬ್ಬಿ ಕಟ್ಟಿಕೊಂಡು ಬಲಪಕ್ಕೆಯಲ್ಲೇ ನಿಂತುಬಿಟ್ಟರು. ಸಮಯ ಓಡುತ್ತಿತ್ತು, ರೋಗಿ ಸಾಯುತ್ತಿದ್ದ, ಹಿಂದಿನವರು ‘ಆತೇನ್ರೀ ಸಾ’ ಎನ್ನುತ್ತಿದ್ದರು. ‘ಇದ್ಯಾಕೋ ಲಿವರು ಬಾಳ ಚೆಂದ ಐತಲ್ಲಪ್ಪಾ. ಇಷ್ಟು ಚೆಂದ ಇರಬಾರದು’ ಎಂದು ಮುದುಕರು ಡಬ್ಬಿಯೊಳಗಿಂದಲೇ ಹೇಳಿದರು. ಆರಿಫ್ ‘ಸಾಫ್ಟ್‌ವೇರ್ ಹಂಗೆ ಮಾಡುತ್ತೆ ಸರ್’ ಎಂದ. ಅವರು ಡಬ್ಬಿ ಬಿಚ್ಚಿ ಅವನ ಮುಖವನ್ನು ಒಂದು ಕ್ಷಣ ನೋಡಿ, ಚಹಾದ ಕಡೆ ಹೋದರು. ಭಯವಾಯಿತು, ನಿಜ. ಆದರೆ ಭಯದ ಅಡಿಯಲ್ಲಿ ಇನ್ನೊಂದಿತ್ತು. ಚೆಂದ ಐತೆ ಅಂದರಲ್ಲ ಎಂಬ ಒಂದು ಚೂರು ಖುಷಿ. ಛೀ, ಎಂಥ ಮನಸ್ಸು ಇದು! ಆ ಖುಷಿ ನೆನಪಾದಾಗಲೆಲ್ಲ ಅವನಿಗೆ ತನ್ನ ಮೈಯನ್ನೇ ಸ್ಪಿರಿಟ್ಟಿನಲ್ಲಿ ಒರೆಸಿಕೊಳ್ಳಬೇಕು ಅನ್ನಿಸುತ್ತಿತ್ತು.

ಇವತ್ತು ಬೆಳಿಗ್ಗೆ ಜೀಪಿನಲ್ಲಿ ಬರುವಾಗ ಒಂದು ಸಲ ಬಾಯಿಬಿಟ್ಟಿದ್ದ. ‘ಸರ್, ಉಚ್ಚಂಗೆಪ್ಪ ಇವತ್ತು ಬರ್ತಾನೆ.’ ‘ಯಾವ ಉಚ್ಚಂಗೆಪ್ಪ?’ ಡಾಕ್ಟರು ಕಿಟಕಿಯಿಂದ ಕಣ್ಣು ತೆಗೆಯಲಿಲ್ಲ. ‘ನಮ್ಮ ಹೊಟ್ಟೆ ಕೊಟ್ಟೋನು ಸರ್.’ ‘ಓ, ಮಾಡೆಲ್ ಒನ್! ಬರಲಿ ಬರಲಿ, ಫೋಟೋ ತೆಗೆಯೋಣ.’ ಅಷ್ಟೆ. ಅವರು ನಾಟಕ ಮಾಡಲಿಲ್ಲ. ನಿಜವಾಗಿಯೂ ಮರೆತಿದ್ದರು. ಕೆಟ್ಟವರಾಗಿದ್ದರೆ ಬೈದುಕೊಂಡಾದರೂ ಸಮಾಧಾನ ಮಾಡಿಕೊಳ್ಳಬಹುದಿತ್ತು. ಈ ಮನುಷ್ಯ ತನ್ನ ಕೈಯಲ್ಲೇ ಪ್ರಾಣ ಬಿಟ್ಟ ಒಬ್ಬ ಟ್ರ್ಯಾಕ್ಟರ್ ಡ್ರೈವರನ ಕೊರಗಿನಲ್ಲೇ ಈ ಡಬ್ಬಿಗಳನ್ನು ಹೊತ್ತುಕೊಂಡು ಊರೂರು ಅಲೆಯುತ್ತಿದ್ದಾರೆ. ಸತ್ತವನ ಹೆಸರು, ಊರು, ಅವನ ಹೆಂಡತಿ ಉಟ್ಟಿದ್ದ ಸೀರೆಯ ಬಣ್ಣ ಎಲ್ಲ ಅವರಿಗೆ ನೆನಪಿದೆ. ಉಚ್ಚಂಗೆಪ್ಪನ ಹೆಸರು ನೆನಪಿಲ್ಲ.

ಹನ್ನೊಂದು ಗಂಟೆಗೆ ಅವರು ಬಂದರು. ಆರಿಫ್ ಮೊದಲು ಗುರುತಿಸಿದ್ದು ಉಚ್ಚಂಗೆಪ್ಪನ ಹೆಂಡತಿ ಗಾದ್ರಮ್ಮನನ್ನು. ಒಮ್ಮೆ ಗಂಡನಿಗೆ ಬುತ್ತಿ ತಂದಾಗ ನೋಡಿದ್ದ. ಅವಳ ಹಿಂದೆ ಬಾಗಿಲ ಚೌಕಟ್ಟು ಹಿಡಿದು ನಿಂತವನನ್ನು ಯಾರೋ ಅವಳ ಮಾವನಿರಬೇಕು ಅಂದುಕೊಂಡ. ಕೆನ್ನೆ ಒಳಗೆ ಹೋಗಿತ್ತು, ಕುತ್ತಿಗೆ ಕಡ್ಡಿಯಾಗಿತ್ತು, ಹೊಟ್ಟೆ ಮಾತ್ರ ಅಂಗಿಯ ಗುಂಡಿಗಳನ್ನು ಎಳೆದು ಮುಂದೆ ಬಂದಿತ್ತು. ಕಣ್ಣು ಅರಿಸಿನ. ಆರಿಫನ ಕೈಯಲ್ಲಿದ್ದ ಹತ್ತಿಯುಂಡೆ ಕೆಳಗೆ ಬಿತ್ತು. ಹೇಳಬೇಕೆಂದು ಇಟ್ಟುಕೊಂಡಿದ್ದ ಮಾತು ಆಗಲೇ ನಡೆದುಕೊಂಡು ಬಂದು ಬಾಗಿಲಲ್ಲಿ ನಿಂತಿತ್ತು.

‘ಏನಪ್ಪಾ ಆರಿಫಾ, ವರ್ಷ ಆದ್ಮ್ಯಾಕೆ ನೆಪ್ಪಾತಾ?’

‘ಹೆಂಗಿದೀಯಾ ಉಚ್ಚಂಗಣ್ಣ’ ಎಂದ. ಕೇಳಿದ ಮೇಲೆ ನಾಚಿಕೆಯಾಯಿತು.

‘ಕಾಣ್ತಾ ಐತಲ್ಲ’ ಎಂದು ಉಚ್ಚಂಗೆಪ್ಪ ಹೊಟ್ಟೆ ಸವರಿಕೊಂಡ. ‘ಈಗ ಆಗಿದ್ರೆ ನೀವು ನನ್ನ ಆರಿಸ್ತಿರ್ಲಿಲ್ಲ ಬಿಡು. ಕನ್ನಡಿ ಹೊಟ್ಟೆ ಹೋಗಿ ಕೊಡಪಾನ ಆಗೈತೆ.’

ಭವನದ ಹೊರಗೆ ನೀರಿನ ತೊಟ್ಟಿಯ ಕಟ್ಟೆಯ ಮೇಲೆ ಮೂವರೂ ಕೂತರು. ಗಾದ್ರಮ್ಮ ಬಟ್ಟೆಯ ಚೀಲವನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡಿದ್ದಳು. ಅದರೊಳಗಿನ ರಿಪೋರ್ಟಿನ ಕವರಿನ ತುದಿ ಕಾಣುತ್ತಿತ್ತು. ಆರಿಫ್ ಬಾಯಿ ತೆರೆದ. ಅಷ್ಟರಲ್ಲಿ ಉಚ್ಚಂಗೆಪ್ಪನೇ ಶುರು ಮಾಡಿದ. ಹೋದ ವರ್ಷ ಮಳೆ ಶುರುವಾಗುವಾಗ ಪಕ್ಕೆ ಬಿಗಿಹಿಡಿದಂತಾಗಿ ಊಟ ಸೇರದೆ ಹೋಯಿತಂತೆ. ಕೆಲಸ ಬಿಟ್ಟು ಊರಿಗೆ ಬಂದನಂತೆ. ಗಾದ್ರಮ್ಮ ತನ್ನ ತವರೂರಿನ ಕಡೆಯ ಒಬ್ಬ ನಾಟಿ ವೈದ್ಯನ ಹತ್ತಿರ ಬೇರಿನ ಪುಡಿ ತಂದು ಆರು ತಿಂಗಳು ಕುಡಿಸಿದಳಂತೆ. ಕೊನೆಗೆ ಕಣ್ಣು ಹಳದಿಯಾಗಿ ದೊಡ್ಡಾಸ್ಪತ್ರೆಗೆ ಹೋದರೆ, ಅಲ್ಲಿನ ಡಾಕ್ಟರು ಲಿವರಿನಲ್ಲಿ ಗಡ್ಡೆ ಮುಷ್ಟಿಯಷ್ಟಾಗಿದೆ, ಸಣ್ಣದಿದ್ದಾಗ ಬಂದಿದ್ದರೆ ಕೊಯ್ದು ತೆಗೆಯಬಹುದಿತ್ತು, ಈಗೇನೂ ಮಾಡಲಾಗದು ಎಂದು ಬೈದರಂತೆ.

‘ನಾನು ಬಿಡ್ಲಿಲ್ಲ ಮಾರಾಯ. ವರ್ಷದ ಹಿಂದೆ ಏನೂ ಇರ್ಲಿಲ್ಲ ಸಾ, ಮೂರು ದಿವ್ಸ ದೊಡ್ಡ ದೊಡ್ಡ ಡಾಕ್ಟ್ರು ನನ್ ಹೊಟ್ಟೆ ಮ್ಯಾಲೆ ಮಿಶಿನ್ ಆಡಿಸವ್ರೆ, ಇದ್ದಿದ್ರೆ ನಮ್ ಆರಿಫ ಹೇಳ್ದೇ ಬಿಡ್ತಿದ್ನಾ ಅಂದೆ. ಅದಕ್ಕೆ ಅವ್ರು, ಹಂಗಾದ್ರೆ ಆಮ್ಯಾಕೆ ಏನೇನು ಕುಡಿದ್ಯೋ, ಆ ಬೇರು ಪುಡಿ ಎಲ್ಲಾ ಲಿವರ್ ಸುಡ್ತಾವೆ ಅಂದ್ರು. ಅವತ್ತಿಂದ ಇವಳು ಅನ್ನ ಬಿಟ್ಟವಳೆ.’

ಗಾದ್ರಮ್ಮ ತಲೆ ಎತ್ತಲಿಲ್ಲ. ‘ಬ್ಯಾಡ ಬ್ಯಾಡ ಅಂದ್ರೂ ಮೂಗು ಹಿಡಿದು ಕುಡಿಸಿದೀನಪ್ಪಾ. ನನ್ ಕೈಯಾರೆ’ ಎಂದಳು.

‘ಅದಕ್ಕೇ ಬಂದೆ’ ಎಂದ ಉಚ್ಚಂಗೆಪ್ಪ. ಹತ್ತಿರ ಸರಿದು ದನಿ ತಗ್ಗಿಸಿದ. ‘ನಾನು ಆಮ್ಯಾಕೆ ಯೋಚ್ನೆ ಮಾಡ್ದೆ. ನೀವು ರಕ್ತ ನೋಡಾಕೆ ಕುಂತೋರು. ಇದು ಇದ್ದೂ ಕಣ್ಣಿಗೆ ಬೀಳ್ದೇ ಹೋಗಿರಬೋದು. ನಂಗೇನೂ ಸಿಟ್ಟಿಲ್ಲಪ್ಪಾ, ದೇವ್ರಾಣೆ. ಆಗ್ಲೇ ಇತ್ತು ಅಂತ ಇವಳ ಕಣ್ಣಿಗೆ ಕಂಡ್ರೆ ಸಾಕು. ಎದೆ ಮ್ಯಾಲಿನ ಕಲ್ಲು ಇಳೀತೈತೆ. ನಾನು ಹೋದ್ಮ್ಯಾಕೂ ಇವಳು ಬದುಕ್ಬೇಕಲ್ಲ. ನನ್ ಹಳೇ ಹೊಟ್ಟೆ ಇನ್ನೂ ಐತೆ ಅಂದ್ಯಲ್ಲ ಫೋನ್ನಾಗೆ, ಅದನ್ನೊಂದು ಸಲ ತೋರಿಸ್ಬಿಡು.’

ಇದಕ್ಕಿಂತ ಅಗಲವಾಗಿ ಬಾಗಿಲು ತೆರೆದು ಯಾರು ಕೊಡುತ್ತಾರೆ? ಕ್ಷಮಿಸಬೇಕಾದ್ದನ್ನು ಮೊದಲೇ ಕ್ಷಮಿಸಿ, ಇತ್ತು ಎಂಬ ಒಂದೇ ಮಾತನ್ನು ಭಿಕ್ಷೆಯ ಹಾಗೆ ಕೇಳುತ್ತಿದ್ದಾನೆ. ಜೇಬಿನಲ್ಲಿ ಪೆನ್‌ಡ್ರೈವ್ ಇದೆ; ಅದರಲ್ಲಿ ತೇಪೆ ಹಾಕದ ಹಳೆಯ ಚಿತ್ರಗಳಿವೆ. ಒಂದು ಗುಂಡಿ ಒತ್ತಿದರೆ ಹುಣಸೆಬೀಜ ಗೋಡೆಯಷ್ಟು ದೊಡ್ಡದಾಗಿ ಕಾಣುತ್ತದೆ. ಇಲ್ಲೇ ಹೇಳು, ಈಗಲೇ, ಎಂದುಕೊಂಡ. ಇತ್ತು ಉಚ್ಚಂಗಣ್ಣ, ನಾನೇ ಕಂಡೆ, ನಾನೇ ಅಳಿಸಿದೆ. ಕಂಡೆ ಎನ್ನುವುದು ಸುಲಭ. ಅಳಿಸಿದೆ ಎನ್ನುವುದು ಬಾಯಿಗೆ ಬರಲಿಲ್ಲ. ಉಚ್ಚಂಗೆಪ್ಪ ಕ್ಷಮಿಸಿದ್ದು ಕಣ್ಣಿಗೆ ಬೀಳದ್ದನ್ನು. ಕಣ್ಣಿಗೆ ಬಿದ್ದದ್ದನ್ನಲ್ಲ. ‘ಒಳಗೆ ಬರ್ರಿ’ ಎಂದು ಎದ್ದುಬಿಟ್ಟ.

ಚಹಾದ ಸಮಯ. ಡಾಕ್ಟರುಗಳೆಲ್ಲ ಬಿಸ್ಕತ್ತು ಹಿಡಿದು ಗುಂಪು ಗುಂಪಾಗಿ ನಿಂತಿದ್ದರು. ‘ಓಹೋ, ನಮ್ಮ ಹೀರೋ ಬಂದ್ರಲ್ಲ!’ ಎಂದು ಕೈಚಾಚಿ ಬಂದ ವಿನಯ್ ಕುಮಾರ್ ಎರಡು ಹೆಜ್ಜೆ ಇರುವಾಗಲೇ ನಿಂತರು. ಡಾಕ್ಟರಿಗೆ ಆ ಕಣ್ಣು, ಆ ಹೊಟ್ಟೆ ಏನೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ರಿಪೋರ್ಟು ಇಸಿದುಕೊಂಡು ಓದಿದರು. ಓದಿ ಮುಗಿದ ಮೇಲೂ ತಲೆ ಎತ್ತದೆ ಕೊನೆಯ ಹಾಳೆಯನ್ನೇ ಹಿಡಿದು ನಿಂತಿದ್ದರು. ಆಗ ಅವರಿಗೆ ನೆನಪಾಯಿತು ಎಂದು ಆರಿಫನಿಗೆ ಗೊತ್ತಾಯಿತು. ಹೇಗೆ ಗೊತ್ತಾಯಿತು ಎಂದರೆ ಅವರು ಉಚ್ಚಂಗೆಪ್ಪನನ್ನು ನೋಡದೆ ಆರಿಫನನ್ನು ನೋಡಿದರು. ಒಂದು ಕಣ್ಣು ಮಿಟುಕಿಸುವಷ್ಟು ಹೊತ್ತು. ‘ಛೇ, ಛೇ. ಮದ್ದು ಬರೆದುಕೊಡ್ತೀನಿ, ನೋವು ಕಡಿಮೆಯಾಗುತ್ತೆ’ ಎಂದು ಮೆತ್ತಗೆ ಹೇಳಿ ಉಚ್ಚಂಗೆಪ್ಪನ ಭುಜ ತಟ್ಟಿದರು.

‘ಮದ್ದು ಇರ್ಲಿ ಡಾಕ್ಟ್ರೇ, ಒಂದು ಸಲ ನನ್ ಹೊಟ್ಟೆ ನೋಡ್ತೀನಿ’ ಎಂದ ಉಚ್ಚಂಗೆಪ್ಪ.

ಸುನಿತಾ ಎಂಬ ಎಳೆಯ ಡಾಕ್ಟರಮ್ಮ, ‘ಇವ್ರದ್ದೇನಾ ಅದು! ಸರ್, ತೋರಿಸಿ ಸರ್’ ಎಂದು ಮುಂದೆ ಬಂದಳು. ನಾಲ್ಕೈದು ಮಂದಿ ಕಪ್ಪು ಹಿಡಿದುಕೊಂಡೇ ಸುತ್ತ ನಿಂತರು. ಇನ್ನು ಬೇಡವೆನ್ನಲು ಯಾರಿಗೂ ದಾರಿ ಇರಲಿಲ್ಲ.

ಆರಿಫ್ ಅವನ ತಲೆಗೆ ಡಬ್ಬಿ ಕಟ್ಟಿದ. ಪಟ್ಟಿಯನ್ನು ಎಷ್ಟು ಬಿಗಿ ಮಾಡಿದರೂ ಸಡಿಲ. ತಲೆಯೂ ಒಣಗುತ್ತದೆ ಎಂದು ಅವನಿಗೆ ಗೊತ್ತಿರಲಿಲ್ಲ. ಹಿಡಿಯನ್ನು ಕೈಗೆ ಕೊಟ್ಟ. ಪ್ರೊಜೆಕ್ಟರು ಹಾಕಿದೊಡನೆ ಡಬ್ಬಿಯೊಳಗೆ ಕಾಣುವುದೆಲ್ಲ ಗೋಡೆಯ ಮೇಲೂ ಮೂಡಿತು. ಮಂಚ, ಬಿಳಿ ಬೆಳಕು, ಬೆನ್ನಿಗಂಟಿದ ಬತ್ತಲೆ ಹೊಟ್ಟೆ, ಮೂರು ಬರೆ.

‘ಅಯ್ಯೋ, ಬರೆ!’ ಎಂದಳು ಗಾದ್ರಮ್ಮ. ಅಷ್ಟೇ ಅಂದು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಯಾರೋ ಹಿಂದೆ ನಕ್ಕರು, ಅಭ್ಯಾಸದಿಂದ.

‘ನಂದೇ! ನಂದೇ ಕಣೇ! ಹೆಂಗಿತ್ತು ನೋಡು ಹೊಟ್ಟೆ!’ ಉಚ್ಚಂಗೆಪ್ಪ ಗಾಳಿಯಲ್ಲಿ ಕೈಚಾಚಿ ತಡಕಾಡಿದ. ಆರಿಫ್ ಹಿಂದಿನಿಂದ ಆ ಕೈಯನ್ನು ಹಿಡಿದು, ಮೂರನೆಯ ಬರೆಯ ಮೇಲಕ್ಕೆ, ಬಲಪಕ್ಕೆಗೆ ತಂದು ನಿಲ್ಲಿಸಿದ. ‘ಇಲ್ಲೇನಾ?’ ‘ಹ್ಞೂಂ, ಇಲ್ಲೇ.’ ಗೋಡೆಯ ಮೇಲೆ ಬೂದು ಬಣ್ಣದ ಲಿವರು ತೆರೆದುಕೊಂಡಿತು. ನುಣ್ಣಗೆ, ಒಂದೇ ಸಮ, ಒಂದು ಚುಕ್ಕೆ ಇಲ್ಲ. ಅಬ್ಬಾ ನೋಡಿದ್ದರೂ ಹೊಲಿಗೆ ಎಲ್ಲಿ ಎಂದು ಹೇಳಲಾಗುತ್ತಿರಲಿಲ್ಲ. ಸ್ಪೀಕರಿನ ಪೆಟ್ಟಿಗೆಯೊಳಗಿಂದ ಹೆಣ್ಣುದನಿಯೊಂದು ‘ಬಲಪಕ್ಕೆಯಲ್ಲಿ ರಕ್ತ ಇಲ್ಲ, ಅಭಿನಂದನೆಗಳು’ ಎಂದಿತು. ಮೂಲೆಯಲ್ಲಿ ಹಸಿರು ದೀಪ ಹತ್ತಿತು.

ಗಾದ್ರಮ್ಮ ಗೋಡೆಯ ಹತ್ತಿರ ಹೋಗಿ, ಕಣ್ಣು ಕಿರಿದು ಮಾಡಿ ಮೂಲೆ ಮೂಲೆ ಹುಡುಕಿದಳು. ‘ಎಲ್ಲೈತೆ? ಡಾಕ್ಟ್ರೇ, ಇದ್ರಾಗೆ ಗಡ್ಡೆ ಎಲ್ಲೈತೆ?’

ಇಪ್ಪತ್ತು ಮಂದಿ ಡಾಕ್ಟರು ನೋಡುತ್ತಿದ್ದರು. ‘ಆಗ ಕ್ಲಿಯರ್ ಇತ್ತಮ್ಮ’ ಎಂದರು ವಿನಯ್ ಕುಮಾರ್.

ಅವಳಿಗೆ ಸಾಲಲಿಲ್ಲ. ತಿರುಗಿ ಆರಿಫನ ಮುಂದೆ ಬಂದು ನಿಂತಳು. ಅವಳ ಕಣ್ಣಿನ ಕೆಳಗೆ ಕಪ್ಪಗೆ ಬಿದ್ದ ಗುಳಿ, ಒಣಗಿದ ತುಟಿ, ಊಟ ಬಿಟ್ಟವರ ಬಾಯಿಯ ಹುಳಿವಾಸನೆ. ‘ದೊಡ್ಡೋರ ಮಾತು ನಂಗೆ ತಿಳಿಯಾಕಿಲ್ಲ ತಮ್ಮಾ. ನೀನು ಹೇಳು. ನೀನೇ ಕುಂತು ಇದನ್ನ ಮಾಡ್ದೋನು ಅಂತಾರೆ ಇವ್ರು. ಆಗ ಇತ್ತಾ, ಇರ್ಲಿಲ್ವಾ? ಅಷ್ಟು ಹೇಳು ಸಾಕು.’

ಆರಿಫನ ಬೆರಳು ಜೇಬಿನ ಮೇಲೆ ಹೋಯಿತು. ಪೆನ್‌ಡ್ರೈವಿನ ಗಟ್ಟಿ ಅಂಚು ಸಿಕ್ಕಿತು. ಇತ್ತಕ್ಕ. ಮೂರೇ ಅಕ್ಷರ. ಅವಳು ಮನೆಗೆ ಹೋಗಿ ಅನ್ನ ತಿನ್ನುತ್ತಾಳೆ. ಅಂದ ಮೇಲೆ ಏನಾಗುತ್ತದೆ? ಡಬ್ಬಿ ಬಿಚ್ಚಿ ಉಚ್ಚಂಗೆಪ್ಪ ತಿರುಗಿ ನೋಡುತ್ತಾನೆ. ಆ ಹಳದಿ ಕಣ್ಣು ತನ್ನ ಮೇಲೆ ನಿಲ್ಲುತ್ತದೆ. ‘ನಮ್ ಆರಿಫ’ ಎಂದು ದೊಡ್ಡಾಸ್ಪತ್ರೆಯಲ್ಲಿ ವಾದ ಮಾಡಿದ ಬಾಯಿ ಏನನ್ನುತ್ತದೋ. ಡಾಕ್ಟರಿಗೆ ಹೆದರಿದೆ ಎಂದು ಆಮೇಲೆ ತನಗೆ ತಾನೇ ಹೇಳಿಕೊಳ್ಳಬಹುದು, ಕೆಲಸ ಹೋಗುತ್ತದೆಂದು ಹೆದರಿದೆ ಎನ್ನಬಹುದು. ಎರಡೂ ಸುಳ್ಳು. ಆ ಮನುಷ್ಯನ ಮನಸ್ಸಿನಲ್ಲಿ ತಾನು ಚೆನ್ನಾಗಿ ಉಳಿಯಬೇಕಾಗಿತ್ತು, ಅಷ್ಟೆ. ಅಷ್ಟಕ್ಕೆ ಈ ಹೆಂಗಸನ್ನು ಮಾರಿಬಿಟ್ಟ.

‘ಇರ್ಲಿಲ್ಲಕ್ಕ’ ಎಂದ.

ಅವಳು ಅಳಲಿಲ್ಲ. ಬೈದಿದ್ದರೂ ಚೆನ್ನಾಗಿತ್ತು. ತನ್ನ ಎರಡು ಅಂಗೈಗಳನ್ನು ಮುಂದೆ ಚಾಚಿ, ಬೇರೆ ಯಾರದೋ ಎಂಬಂತೆ ನೋಡಿಕೊಂಡಳು. ‘ಹಂಗಾರೆ ಈ ಕೈಯೇ’ ಎಂದಳು. ಉಚ್ಚಂಗೆಪ್ಪ ಡಬ್ಬಿ ಕಟ್ಟಿಕೊಂಡೇ ದನಿ ಬಂದ ಕಡೆ ತಿರುಗಿ, ‘ಬಿಡೇ, ಬಿಡು. ನೀನು ಬದುಕಿಸಾಕೆ ಅಲ್ಲೇನು ಕುಡಿಸಿದ್ದು’ ಎಂದ. ಅವನ ಕೈ ಅವಳನ್ನು ಹುಡುಕಿ ಗಾಳಿಯಲ್ಲಿ ಆಡಿತು. ಹಿಡಿ ಅಲುಗಿದ್ದಕ್ಕೆ ಗೋಡೆಯ ಮೇಲಿನ ಲಿವರು ಹೋಗಿ ಬತ್ತಲೆ ಹೊಟ್ಟೆ ಮತ್ತೆ ಬಂತು. ಸುನಿತಾ ಮೊಬೈಲು ಎತ್ತಿ ಫೋಟೋ ತೆಗೆಯಲು ಹೊರಟವಳು ಯಾಕೋ ಕೆಳಗಿಟ್ಟಳು.

ಆಗ ಗಾದ್ರಮ್ಮ ಗೋಡೆಯ ಕಡೆ ನೋಡಿದಳು. ತನ್ನ ಗಂಡ ಅಷ್ಟು ಜನರ ಮುಂದೆ ಬಟ್ಟೆಯಿಲ್ಲದೆ ಮಲಗಿದ್ದಾನೆಂದು ಆಗಷ್ಟೇ ಹೊಳೆಯಿತೇನೋ. ಹೋಗಿ ಗೋಡೆಗೆ ಬೆನ್ನು ಕೊಟ್ಟು ನಿಂತು, ಸೆರಗನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿದಳು. ಹೊಟ್ಟೆ ಅವಳ ಸೀರೆಯ ಮೇಲೆ ಮೂಡಿತು, ಮುಖದ ಮೇಲೆ ಮೂಡಿತು, ಮೂರು ಬರೆ ಅವಳ ಕೆನ್ನೆಯ ಮೇಲೆ ಬಂದು ಕೂತವು. ‘ಮುಚ್ರಪ್ಪಾ’ ಎಂದಳು. ‘ನೋಡಿದ್ದು ಸಾಕು. ಒಂದು ಬಟ್ಟೆ ಮುಚ್ರಪ್ಪಾ.’

ಆರಿಫ್ ಕಂಪ್ಯೂಟರಿಗೆ ಹಾರಿಬಿದ್ದು ಗುಂಡಿಗಳನ್ನು ಒತ್ತಿದ. ರೋಗಿಯನ್ನು ಸಾಯಿಸಲು ಗುಂಡಿ ಇತ್ತು, ಬದುಕಿಸಲು ಇತ್ತು, ರಕ್ತ ಹೆಚ್ಚು ಮಾಡಲು, ಕ್ಯಾಜುವಾಲ್ಟಿಯ ದೀಪ ಕಡಿಮೆ ಮಾಡಲು ಇತ್ತು. ಹೊದಿಸಲು ಇರಲಿಲ್ಲ. ಹೊದಿಕೆಯನ್ನೇ ಯಾರೂ ಮಾಡಿರಲಿಲ್ಲ. ಕೊನೆಗೆ ಪ್ರೊಜೆಕ್ಟರಿನ ವೈರನ್ನೇ ಕಿತ್ತ. ಗೋಡೆ ಸುಣ್ಣದ ಗೋಡೆಯಾಯಿತು. ಅವಳು ಇನ್ನೂ ಸೆರಗು ಹಿಡಿದೇ ನಿಂತಿದ್ದಳು.

ಉಚ್ಚಂಗೆಪ್ಪನ ತಲೆಯಿಂದ ಡಬ್ಬಿ ಬಿಚ್ಚಿದಾಗ ಅವನ ಕಣ್ಣು ಒದ್ದೆಯಾಗಿದ್ದವು. ಆರಿಫನ ಕೈ ಹಿಡಿದುಕೊಂಡು, ‘ಹೋಗ್ಲಿ ಬಿಡಪ್ಪಾ, ನೀನು ಇದ್ದದ್ದು ಇದ್ದಂಗೆ ಹೇಳ್ದೆ’ ಎಂದ. ಹೆಂಡತಿಯ ರಟ್ಟೆ ಹಿಡಿದು ಮೆಟ್ಟಿಲಿಳಿಸಿದ. ಇಷ್ಟು ದಿನ ಅವಳು ಅವನನ್ನು ಹಿಡಿದು ನಡೆಸುತ್ತಿದ್ದಿರಬೇಕು. ಈಗ ಅವನೇ ಹಿಡಿದಿದ್ದ. ಅವರು ಬಸ್‌ಸ್ಟ್ಯಾಂಡಿನ ಕಡೆ ತಿರುಗುವ ತನಕ ಆರಿಫ್ ಬಾಗಿಲಲ್ಲಿ ನಿಂತಿದ್ದ. ಓಡಿಹೋದರೆ ಈಗಲೂ ಸಿಗುತ್ತಾರೆ ಅನ್ನಿಸಿತು. ಕಾಲು ಎರಡು ಹೆಜ್ಜೆ ಮುಂದಕ್ಕೆ ಹೋದವು ಕೂಡ.

‘ಯಾಕ್ರೀ ಆಫ್ ಮಾಡಿದ್ರಿ? ನಮ್ ಬ್ಯಾಚು ಇನ್ನೂ ಐತಲ್ರೀ’ ಎಂದು ಒಳಗಿನಿಂದ ಯಾರೋ ಕೂಗಿದರು. ವಿನಯ್ ಕುಮಾರ್ ಕಿಟಕಿಯ ಹತ್ತಿರ ಬೆನ್ನು ಹಾಕಿ ನಿಂತು, ಮುಗಿದುಹೋದ ಚಹಾದ ಕಪ್ಪನ್ನು ಬಾಯಿಗೆ ಎತ್ತುತ್ತಿದ್ದರು. ಆರಿಫ್ ವೇದಿಕೆಗೆ ಹತ್ತಿದ. ಡಬ್ಬಿಯ ಸ್ಪಂಜು ಒದ್ದೆಯಾಗಿತ್ತು. ಹೊಸ ಹತ್ತಿಯುಂಡೆಗೆ ಸ್ಪಿರಿಟ್ಟು ಹಾಕಿ ಒರೆಸಿದ. ಮತ್ತೊಂದು ತೆಗೆದುಕೊಂಡು ಮತ್ತೆ ಒರೆಸಿದ. ಆಮೇಲೆ ವೈರನ್ನು ಸಿಕ್ಕಿಸಿದ. ಮಂಚ, ಬಿಳಿ ಬೆಳಕು, ಬತ್ತಲೆ ಹೊಟ್ಟೆ ಗೋಡೆಯ ಮೇಲೆ ಬಂತು.

‘ಮುಂದಿನೋರು ಬರ್ರಿ’ ಎಂದು ಕರೆದ.